ಕತ್ತಲೆಕಾನಿನ ಮರಕ್ಕೆ ಹೆಸರು ಬಂದ ಬಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004ರಲ್ಲಿ ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಪಿ.ಯು.ಸಿ., ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಮಿತಿಯವರು ಫೋನ್ ಮಾಡಿದಾಗ ಕಂಪ್ಯೂಟರಿನ ಬಗ್ಗೆ ಮಾತಾಡಬೇಕು ಎಂದರು. ಕಂಪ್ಯೂಟರಿನ ಬಗ್ಗೆ ನನಗಿಂತ ಈಗಿನ ಒಂಬತ್ತನೇ ಕ್ಲಾಸಿನವರಿಗೇ ಹೆಚ್ಚು ಗೊತ್ತಿದೆ. ಹಾಗಾಗಿ ಅವರ ಒಪ್ಪಿಗೆ ಪಡೆದು ನಮ್ಮದೇ ತಾಲ್ಲೂಕಿನ ಒಂದು ಮರದ ಬಗ್ಗೆ ಮಾತಾಡುತ್ತೇನೆ.

ನನಗೂ ಮರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೆಲವು ವರ್ಷಗಳಿಂದ ರಜಾದಿನಗಳಲ್ಲಿ ಒಣಗಿಸಿಟ್ಟ ಸಸ್ಯಗಳ ಹಳೆಯ ಚೀಟಿಗಳನ್ನು ಓದಿ ಕಂಪ್ಯೂಟರಿಗೆ ಸೇರಿಸುವ ಕೆಲಸದಲ್ಲಿ ಸ್ವಯಂಸೇವಕನಾಗಿ ಕೈಜೋಡಿಸುತ್ತಿದ್ದೇನೆ. ಗಿಡ ಸಿಕ್ಕಿದ ಊರು, ದಿನಾಂಕ, ತಂದವರ ಹೆಸರು ಆ ಚೀಟಿಯಲ್ಲಿರುತ್ತದೆ. 'ಉತ್ತರ ಕೆನರಾ' ಎಂದು ಬರೆದ ಚೀಟಿ ಬಂದಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತದೆ. ಇದು ನಮ್ಮ ಕಡೆಯದು, ನಾನು ಇದನ್ನು ನೋಡಿರಬಹುದು ಅನಿಸುತ್ತದೆ. ಹಾಗೆ ಹುಟ್ಟಿದ ಆಸಕ್ತಿಯಿಂದ ಓದುತ್ತ ಹೋದವನಿಗೆ ಈ ಮರದ ಕಥೆ ಸಿಕ್ಕಿತು.

ಗೇರುಸೊಪ್ಪೆಯಿಂದ ಮಾವಿನಗುಂಡಿಯ ಕಡೆಗೆ ಘಟ್ಟ ಹತ್ತುವ ರಸ್ತೆಯಲ್ಲಿ ಕತ್ತಲೆಕಾನು ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದೇವೆ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಬಿಸಿಲು ನೆಲ ಮುಟ್ಟುವುದಿಲ್ಲ, ಅದಕ್ಕೇ ಆ ಹೆಸರು. ಆ ಕಾನಿನ ತಗ್ಗಿನಲ್ಲಿ, ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ, ರಾಂಪತ್ರೆಯ ಬಳಗದ ಮರಗಳು ನಿಂತಿವೆ. ರಾಂಪತ್ರೆ ಜಡ್ಡಿ ಎಂದು ಕರೆಯುವುದು ಇದನ್ನೇ. ಕೆಸರಿನೊಳಗೆ ಗಾಳಿಯಾಡುವುದಿಲ್ಲವಾದ್ದರಿಂದ ಅಲ್ಲಿನ ಕೆಲವು ಮರಗಳ ಬೇರು ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಮಣ್ಣಿಗಿಳಿಯುತ್ತದೆ. ಹೊರಗೆ ಕಾಣುವ ಆ ಮೊಣಕಾಲಿನಿಂದಲೇ ಬೇರು ಉಸಿರಾಡುತ್ತದೆ.

ಅಂಥ ಜಡ್ಡಿಯಲ್ಲಿ ಗೇರಿನ ಜಾತಿಯ ಒಂದು ದೊಡ್ಡ ಮರವಿತ್ತು. ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಇಬ್ಬರು ಅದನ್ನು ಅಭ್ಯಾಸ ಮಾಡಿ, ಇದು ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಪ್ರಭೇದ ಎಂದು ತೋರಿಸಿಕೊಟ್ಟರು. 2000ದಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಅದರ ವಿವರಣೆ ಪ್ರಕಟವಾಯಿತು. ಅವರಿಟ್ಟ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಲ್ಯಾಟಿನ್ನಿನಲ್ಲಿ 'ಎನ್ಸಿಸ್' ಎಂದರೆ 'ಆ ಊರಿನದು' ಎಂದರ್ಥ. ನಮ್ಮ ಬಸ್ಸಿನ ಕಂಡಕ್ಟರ್ ಕೂಗುವ ಜಾಗದ ಹೆಸರು ಜಗತ್ತಿನ ಸಸ್ಯಶಾಸ್ತ್ರದಲ್ಲಿ ಸೇರಿಹೋಯಿತು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಮುಂದೆ ಇದೇ ಶಾಲೆಯಲ್ಲಿ ಮಾವಿಗೆ ಮ್ಯಾಂಜಿಫೆರಾ ಇಂಡಿಕಾ ಎಂದು ಉರುಹೊಡೆಯುವಾಗ, ಮಾವಿನ ಕುಟುಂಬಕ್ಕೇ ಸೇರಿದ ಹೊಸ ಮರವೊಂದು ನಮ್ಮ ತಾಲ್ಲೂಕಿನಲ್ಲೇ ಇದೆ ಎಂಬ ಸುದ್ದಿ ನಮ್ಮವರೆಗೆ ಬಂದಿರಲಿಲ್ಲ.

ಇದನ್ನು ಊರಿನ ಹಿರಿಯರೊಬ್ಬರಿಗೆ ಹೇಳಿದಾಗ ಅವರು, "ಹೊಸದು ಎಂಥದು ಮಾರಾಯ? ಆ ಮರ ನನ್ನ ಅಜ್ಜನ ಅಜ್ಜನ ಕಾಲದಿಂದ ಅಲ್ಲೇ ಇದ್ದಿರಬೇಕಲ್ಲ" ಎಂದರು. ನೂರಕ್ಕೆ ನೂರು ನಿಜ. ಇದಕ್ಕೆ ನಮ್ಮ ಜಮೀನಿನ ಲೆಕ್ಕವೇ ಒಳ್ಳೆಯ ಉದಾಹರಣೆ. ಗದ್ದೆ ತಲತಲಾಂತರದಿಂದ ಇರುತ್ತದೆ. ಆದರೆ ಸರ್ವೆಯಾಗಿ, ಕಲ್ಲು ನೆಟ್ಟು, ಪಹಣಿಯಲ್ಲಿ ಹೆಸರು ಬರುವವರೆಗೆ ಕಚೇರಿಯ ದೃಷ್ಟಿಯಲ್ಲಿ ಅದು ಯಾರದ್ದೂ ಅಲ್ಲ. ಅದಕ್ಕೆ ಸಾಲ ಸಿಗುವುದಿಲ್ಲ, ಪರಿಹಾರ ಸಿಗುವುದಿಲ್ಲ. ಹೊಸ ಪ್ರಭೇದ ಎಂದರೆ ಮರಕ್ಕೆ ಹೊಸದಾಗಿ ಪಹಣಿ ಬಂತು ಎಂದರ್ಥ.

ನಮ್ಮಲ್ಲಿ ಕನ್ನಡದ ಹೆಸರೇ ಇರುವಾಗ ಲ್ಯಾಟಿನ್ ಹೆಸರು ಯಾಕೆ ಬೇಕು? ಗೇರನ್ನೇ ನೋಡಿ. ಬೀಜ ತಿನ್ನುವ ಗೇರು ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದದ್ದು ನಮ್ಮದೇ ಕಾಡುಗೇರು. ಎರಡಕ್ಕೂ ಗೇರು ಎನ್ನುತ್ತೇವೆ. ಇನ್ನೊಂದು ಕಡೆ, ನಾವು ಮುರುಗಲು ಎನ್ನುವುದನ್ನು ಮಂಗಳೂರಿನವರು ಪುನರ್ಪುಳಿ ಎನ್ನುತ್ತಾರೆ, ಗೋವೆಯವರು ಕೋಕಂ ಎನ್ನುತ್ತಾರೆ. ಮನೆಮಾತಿಗೆ ಇದರಿಂದ ತೊಂದರೆಯಿಲ್ಲ. ಆದರೆ ಔಷಧಿಗೋ ಸಂರಕ್ಷಣೆಗೋ ಹೊರಟಾಗ ಯಾವ ಗೇರು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕೆಲಸದಲ್ಲಿ ಒಂದೇ ಹೆಸರಿನ ಇಬ್ಬರು ಗ್ರಾಹಕರಿದ್ದರೆ ಇಬ್ಬರಿಗೂ ಬೇರೆ ಬೇರೆ ನಂಬರ್ ಕೊಡುತ್ತೇವೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ 'ಸ್ಪೀಷೀಸ್ ಪ್ಲಾಂಟಾರಂ' ಗ್ರಂಥದಿಂದ ಸಸ್ಯಗಳಿಗೆ ಅಂಥ ಎರಡು ಪದದ ಹೆಸರು ರೂಢಿಗೆ ಬಂತು. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಒಂದೇ ಸಸ್ಯಕ್ಕೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ಊರ್ಜಿತ.

ಈ 'ಪಹಣಿ' ಮಾಡಿಸುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು.

ಮೊದಲು ಹೂವು, ಕಾಯಿ ಇರುವ ಟೊಂಗೆ ಬೇಕು. ಬರೀ ಎಲೆಯಿಂದ ಹೆಚ್ಚಿನ ಸಲ ತೀರ್ಮಾನವಾಗುವುದಿಲ್ಲ, ಗುರುತು ಇರುವುದು ಹೂವಿನ ಒಳಗೆ. ಮರ ವರ್ಷದಲ್ಲಿ ಕೆಲವೇ ದಿನ ಹೂ ಬಿಡುತ್ತದೆ, ಅದೂ ಐವತ್ತು ಅಡಿ ಮೇಲೆ. ಸಮಯ ತಪ್ಪಿದರೆ ಮತ್ತೆ ಮುಂದಿನ ವರ್ಷ. ಟೊಂಗೆಯನ್ನು ಹಳೆಯ ಪೇಪರಿನ ನಡುವೆ ಒತ್ತಿಟ್ಟು, ಮಳೆಗಾಲದಲ್ಲಾದರೆ ದಿನಾ ಪೇಪರ್ ಬದಲಿಸಿ ಒಣಗಿಸಬೇಕು. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ. ಆದ್ದರಿಂದ ಹೂವಿನ ಬಣ್ಣ, ಸೋನೆಯ ಬಣ್ಣ, ಮರದ ಎತ್ತರ, ಜಾಗ, ದಿನಾಂಕ ಎಲ್ಲವನ್ನೂ ಅಲ್ಲೇ ನಿಂತು ಬರೆದುಕೊಳ್ಳಬೇಕು. ಗೇರಿನ ಜಾತಿಯಾದರೆ ಸೋನೆ ತಾಗಿ ಮೈ ಸುಡದಂತೆಯೂ ನೋಡಿಕೊಳ್ಳಬೇಕು!

ಒಣಗಿದ್ದನ್ನು ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಅಂಟಿಸಿ, ಚೀಟಿ ಹಚ್ಚಿ ಇಡುತ್ತಾರೆ. ಇಂಥ ಹಾಳೆಗಳ ಭಂಡಾರಕ್ಕೆ ಹರ್ಬೇರಿಯಂ ಎನ್ನುತ್ತಾರೆ. 1890ರಲ್ಲಿ ಆರಂಭವಾದ ಭಾರತೀಯ ಸಸ್ಯ ಸರ್ವೇಕ್ಷಣೆ ಸಂಸ್ಥೆಯ ಹರ್ಬೇರಿಯಂಗಳು ಹೌರಾ, ಕೊಯಮತ್ತೂರು ಮೊದಲಾದ ಕಡೆ ಇವೆ. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ಬಂದ ದೊಡ್ಡ ಗ್ರಂಥಕ್ಕೆ ದುಡಿದ ಫಾದರ್ ಸಿಸಿಲ್ ಸಲ್ಡಾನ್ಹಾ ಅವರು ಕಟ್ಟಿದ ಸಂಗ್ರಹ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ನಂತರದ್ದು ತಾಳ್ಮೆಯ ಕೆಲಸ. ಈ ಕುಲದಲ್ಲಿ ಈವರೆಗೆ ಗೊತ್ತಿರುವ ಪ್ರಭೇದಗಳ ವಿವರಣೆ ಓದಬೇಕು, ಮೂಲ ಮಾದರಿಗಳೊಂದಿಗೆ ಹೋಲಿಸಿ ನೋಡಬೇಕು. ಇದು ಅದಲ್ಲ, ಅದೂ ಅಲ್ಲ ಎಂದು ಒಂದೊಂದನ್ನೇ ಕಾರಣ ಸಮೇತ ಬಿಡುತ್ತ ಬರಬೇಕು. ನೂರು ಹೋಲಿಕೆಯಲ್ಲಿ ತೊಂಬತ್ತೊಂಬತ್ತು ಸಲ ಹಳೆಯದೇ ಸಿಗುತ್ತದೆ, ಬೇಸರ ಮಾಡಿಕೊಳ್ಳುವಂತಿಲ್ಲ. ಯಾವುದಕ್ಕೂ ಹೊಂದದೆ ಉಳಿದರೆ ಮಾತ್ರ ವಿವರಣೆ ಬರೆದು, ಚಿತ್ರ ಬಿಡಿಸಿ, ಹತ್ತಿರದ ಪ್ರಭೇದಕ್ಕಿಂತ ಎಲ್ಲಿ ಬೇರೆ ಎಂದು ಹೇಳಿ ಪತ್ರಿಕೆಗೆ ಕಳಿಸುವುದು.

ಜೊತೆಗೆ ಒಂದು ಹಾಳೆಯನ್ನು ಆಯ್ದು, ಈ ಹೆಸರು ನಿಂತಿರುವುದು ಇದರ ಮೇಲೆ ಎಂದು ಘೋಷಿಸಬೇಕು. ಇದಕ್ಕೆ 'ಟೈಪ್' ಎನ್ನುತ್ತಾರೆ. 1958ರಿಂದ ಇದು ಕಡ್ಡಾಯ. ಇದೇ ನಮ್ಮ ಸರ್ವೆ ಕಲ್ಲು. ಮುಂದೆ ಯಾರಿಗೇ ತಕರಾರು ಬಂದರೂ ಆ ಕಲ್ಲಿನ ಹತ್ತಿರ ಬಂದೇ ಅಳೆಯಬೇಕು. 2011ರ ಕೊನೆಯವರೆಗೆ ಹೊಸ ಸಸ್ಯದ ವಿವರಣೆ ಲ್ಯಾಟಿನ್ ಭಾಷೆಯಲ್ಲೂ ಇರಬೇಕಿತ್ತು. 2012ರ ಜನವರಿ 1ರಿಂದ ಇಂಗ್ಲಿಷ್ ಆದರೂ ಸಾಕು, ಅಂತರಜಾಲದ ಪತ್ರಿಕೆಯಲ್ಲಿ ಪ್ರಕಟವಾದರೂ ನಡೆಯುತ್ತದೆ. ಕತ್ತಲೆಕಾನಿನ ಮರಕ್ಕೆ ಹೆಸರು ಬಂದದ್ದು ಹಳೆಯ ನಿಯಮದ ಕಾಲದಲ್ಲಿ.

ನಮ್ಮ ಕಾಡಿಗೆ ಸಸ್ಯಶಾಸ್ತ್ರಜ್ಞರು ಬಂದೇ ಇರಲಿಲ್ಲ ಎಂದು ತಿಳಿಯಬಾರದು. ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದಾಗ ಥಿಯೋಡರ್ ಕುಕ್ ಎಂಬವರು ಆ ಪ್ರಾಂತದ ಸಸ್ಯಗಳ ಗ್ರಂಥ ಬರೆದರು. ಅರಣ್ಯಾಧಿಕಾರಿ ಟಾಲ್ಬಟ್ ನಮ್ಮ ಜಿಲ್ಲೆಯ ಕಾಡುಗಳಲ್ಲೇ ಓಡಾಡಿದವರು, ಅವರ ಗ್ರಂಥ 1909 ಮತ್ತು 1911ರಲ್ಲಿ ಎರಡು ಸಂಪುಟವಾಗಿ ಬಂತು. ಅದಕ್ಕೂ ಮೊದಲು ಹೂಕರ್ ಅವರ ಏಳು ಸಂಪುಟಗಳು ಬಂದಿದ್ದವು. ಇಷ್ಟೆಲ್ಲ ಆದ ಮೇಲೂ ರಸ್ತೆ ಪಕ್ಕದ ಕಾನಿನಲ್ಲಿದ್ದ ಅಷ್ಟು ದೊಡ್ಡ ಮರ 2000ದವರೆಗೆ ಹೆಸರಿಲ್ಲದೆ ನಿಂತಿತ್ತು. ಇನ್ನೊಂದು ವಿಚಿತ್ರವಿದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೊಸ ಸಸ್ಯವೆಂದು ಹೆಸರು ಪಡೆದವುಗಳಲ್ಲಿ ಕಿತ್ತು ತಂದ ಐದು ವರ್ಷದೊಳಗೆ ಹೆಸರು ಬಂದದ್ದು ಶೇಕಡಾ 16ಕ್ಕೆ ಮಾತ್ರ. ಸುಮಾರು ಕಾಲುಭಾಗದವು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹರ್ಬೇರಿಯಂನ ಕಪಾಟಿನಲ್ಲೇ ಇದ್ದವು. ನಮ್ಮ ಶಾಲೆಗೆ ಈಗ ಐವತ್ತು ವರ್ಷ. ಒಂದು ಟೊಂಗೆ ಅಷ್ಟು ಕಾಲ ಯಾರಾದರೂ ಗಮನಿಸಲಿ ಎಂದು ಹಾಳೆಯ ಮೇಲೆ ಕಾದಿರುತ್ತದೆ.

ಇನ್ನು ಗಿಡ ಗುರುತಿಸುವ ಜ್ಞಾನ ಯಾರದ್ದು ಎಂಬ ಮಾತು. ಲಿನೇಯಸ್ ನಮ್ಮ ಅಡಿಕೆಗೆ ಅರೆಕಾ ಕೆಟೆಚು ಎಂದು ಹೆಸರಿಟ್ಟ. 'ಅರೆಕಾ' ಎಂಬುದು ಮಲಯಾಳದ ಅಡಯ್ಕ, ನಮ್ಮ ಅಡಿಕೆ ಎಂಬ ಬಳಗದ ಪದವೇ ಪೋರ್ಚುಗೀಸರ ಬಾಯಲ್ಲಿ ತಿರುಗಿದ್ದು. ನಮ್ಮ ತೋಟದ ಮಾತೇ ವೇಷ ಬದಲಿಸಿ ಬಂದಿದೆ. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವ್ಯಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂತು. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಚುದನ್ ಎಂಬ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಅವರ ಹೇಳಿಕೆ ಅವರದೇ ಲಿಪಿಯಲ್ಲಿ ಆ ಪುಸ್ತಕದಲ್ಲಿ ಅಚ್ಚಾಗಿದೆ. ಆದರೆ ನಾನು ಓದುವ ಚೀಟಿಗಳಲ್ಲಿ ಮರ ತೋರಿಸಿದ ಊರಿನವರ ಹೆಸರು ಅಪರೂಪ. ದಾರಿ ತೋರಿಸಿದವರು, ಮರ ಹತ್ತಿ ಟೊಂಗೆ ಇಳಿಸಿದವರು, 'ಇದು ಆ ಮರ ಅಲ್ಲ, ಬೇರೆ' ಎಂದು ಮೊದಲು ಹೇಳಿದವರು ಚೀಟಿಯ ಹೊರಗೇ ಉಳಿದಿದ್ದಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕತ್ತಲೆಕಾನಿನ ಮರಕ್ಕೆ ಹೆಸರು ಬಂದ ಸ್ವಲ್ಪ ಸಮಯದಲ್ಲೇ ಶಿರಸಿಯ ಅರಣ್ಯ ಮಹಾವಿದ್ಯಾಲಯದವರೂ ಬೆಂಗಳೂರಿನ ವಿಜ್ಞಾನಿಗಳೂ ಸೇರಿ ಅದನ್ನು ಹುಡುಕಿ ಎಣಿಸಿದರು. ಸಿಕ್ಕಿದ ಬಲಿತ ಮರಗಳು ನೂರಕ್ಕಿಂತ ಕಡಿಮೆ. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರ, ಅದೂ ಹತ್ತಿರದಲ್ಲಿ ಗಂಡು ಮರ ಇದ್ದರೆ. ಹಾಗಾಗಿ ಆ ಎಣಿಕೆಯೂ ನಿಜಕ್ಕೆ ಅರ್ಧವೇ. ಇಂದು ಈ ಸಭೆಯಲ್ಲಿ ಕುಳಿತವರನ್ನು ಲೆಕ್ಕ ಹಾಕಿದರೆ ಆ ಮರಗಳಿಗಿಂತ ನಾವೇ ಹೆಚ್ಚು ಜನರಿದ್ದೇವೆ.

ಮರ ಕಡಿಮೆಯಾದದ್ದೇಕೆ? ಅದು ಬದುಕುವುದು ಜಡ್ಡಿಯಲ್ಲಿ. ಜಡ್ಡಿಯಿರುವುದು ಕಣಿವೆಯ ತಗ್ಗಿನಲ್ಲಿ, ನೀರಿನ ಪಕ್ಕ. ನಮ್ಮ ಅಡಿಕೆ ತೋಟ, ಗದ್ದೆಗಳಿಗೆ ಬೇಕಾದದ್ದೂ ಅದೇ ಜಾಗ. ನಮ್ಮ ಜಿಲ್ಲೆಯಲ್ಲಿ ಇಂಥ ಎಷ್ಟೋ ಜಡ್ಡಿಗಳು ಕಾಲಾಂತರದಲ್ಲಿ ತೋಟ, ಗದ್ದೆಗಳಾಗಿವೆ. ಇದನ್ನು ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ನಾನು ಬಿ.ಇ. ಓದಿದ್ದು ಅಪ್ಪ ಅಡಿಕೆ ಮಾರಿ ಕಟ್ಟಿದ ಫೀಸಿನಿಂದ. ಹಿರಿಯರು ಹೊಟ್ಟೆಪಾಡಿಗೆ ತೋಟ ಮಾಡಿದರು, ಅದೇ ಹಿರಿಯರು ದೇವರ ಕಾನು ಎಂದು ಕೊಡಲಿ ಹಾಕದೆ ಉಳಿಸಿದ್ದರಿಂದ ಇಷ್ಟಾದರೂ ಉಳಿದಿದೆ. ಆದರೆ ಒಂದು ಲೆಕ್ಕ ನಾವು ಮರೆಯಬಾರದು. ಮಳೆಯ ನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲೂ ಹಳ್ಳಕ್ಕೆ ಬಿಡುವುದು ಮೇಲಿನ ಕಾನು ಮತ್ತು ಜಡ್ಡಿ. ಏಪ್ರಿಲ್‌ನಲ್ಲಿ ನಮ್ಮ ತೋಟಕ್ಕೆ ಬರುವ ನೀರು ಆ ಮರಗಳ ಬೇರಿನ ನಡುವೆ ನಿಂತು ಬಂದದ್ದು. ಜಡ್ಡಿಯನ್ನು ಕಾಲುವೆ ತೋಡಿ ಒಣಗಿಸಿದರೆ ಮೊದಲು ಮರ ಹೋಗುತ್ತದೆ, ಆಮೇಲೆ ಹಳ್ಳ, ಕೊನೆಗೆ ತೋಟ.

ಹೆಸರಿನಿಂದ ಮರಕ್ಕೆ ಏನು ಲಾಭವಾಯಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹೆಸರಿಲ್ಲದಿದ್ದಾಗ ಅದು 'ಜಂಗಲ್ ಮರ'. ಹೆಸರು ಬಂದ ಮೇಲೆ ಎಣಿಕೆಯಾಯಿತು, ಎಣಿಸಿದ್ದರಿಂದ ಅಳಿವಿನ ಅಂಚಿನಲ್ಲಿದೆ ಎಂದು ಗೊತ್ತಾಯಿತು, ಗೊತ್ತಾದ್ದರಿಂದ ಅದರ ಪರವಾಗಿ ಮಾತಾಡುವವರು ಹುಟ್ಟಿಕೊಂಡರು. ಹೆಸರಿಲ್ಲದೆ ಕಣ್ಮರೆಯಾದ ಮರಕ್ಕೆ ಮರಣಪತ್ರವೂ ಇರುವುದಿಲ್ಲ. ಊರಿನ ಹೆಸರು ಹೊತ್ತ ಮರದ ಮೇಲೆ ಊರಿನವರಿಗೆ ಒಂದು ಹಕ್ಕೂ ಇದೆ, ಒಂದು ಋಣವೂ ಇದೆ.

ಕೊನೆಯಲ್ಲಿ ಮೂರು ವಿನಂತಿ ಮಾಡಿ ಮುಗಿಸುತ್ತೇನೆ.

ವಿದ್ಯಾರ್ಥಿಗಳಿಗೆ: ಪ್ರತಿಯೊಬ್ಬರೂ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಒಂದು ಮರ ಆರಿಸಿಕೊಳ್ಳಿ. ವಾರಕ್ಕೊಮ್ಮೆ ನೋಡಿ, ಚಿಗುರು, ಹೂವು, ಕಾಯಿ ಇದೆಯೇ ಎಂದು ದಿನಾಂಕದೊಂದಿಗೆ ಬರೆಯಿರಿ. ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ದೇಶದ ಬೇರೆ ಬೇರೆ ಶಾಲೆಗಳ ಮಕ್ಕಳು ಇದೇ ಕೆಲಸ ಮಾಡುತ್ತಿದ್ದಾರೆ. ಆ ಮರವನ್ನು ನಿಮ್ಮ ಅಜ್ಜ ಅಜ್ಜಿ ಏನೆಂದು ಕರೆಯುತ್ತಾರೆ, ಯಾವುದಕ್ಕೆ ಬಳಸುತ್ತಿದ್ದರು ಎಂದು ಕೇಳಿ, ಹೇಳಿದವರ ಹೆಸರು ಸಮೇತ ಬರೆಯಿರಿ. ಅವರು ಚೀಟಿಯ ಹೊರಗೆ ಉಳಿಯುವುದು ಬೇಡ. ಕಾಡಿನಿಂದ ಏನನ್ನೂ ಕೀಳಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೋಡುವುದಕ್ಕೂ ಬರೆಯುವುದಕ್ಕೂ ಯಾರ ಅನುಮತಿಯೂ ಬೇಡ.

ಹಳೆಯ ವಿದ್ಯಾರ್ಥಿಗಳಿಗೆ: ಮಹೋತ್ಸವಕ್ಕೆ ಕೂಡಿಸಿದ ಹಣದಲ್ಲಿ ಸ್ವಾಗತ ಕಮಾನು ಆಗಲಿ, ಬೇಡವೆನ್ನುವುದಿಲ್ಲ. ಅದರಲ್ಲಿ ಸ್ವಲ್ಪ ಉಳಿಸಿ ಒಂದು ಕಪಾಟು, ಎರಡು ಭೂತಗನ್ನಡಿ, ದಪ್ಪ ರಟ್ಟಿನ ದಾಖಲೆ ಪುಸ್ತಕಗಳನ್ನು ಶಾಲೆಗೆ ಕೊಡೋಣ. ಬರೆದದ್ದನ್ನು ಕಂಪ್ಯೂಟರಿಗೆ ಸೇರಿಸಿ, ತಜ್ಞರಿಗೆ ಮುಟ್ಟಿಸುವ ಕೆಲಸ ನನ್ನದು. ವರ್ಷಕ್ಕೆ ಎರಡು ಸಲ ಬಂದು ಮಕ್ಕಳೊಂದಿಗೆ ಕೂರುತ್ತೇನೆ.

ಊರಿನ ಹಿರಿಯರಿಗೆ: 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ನಮ್ಮ ಬೆಟ್ಟದ ಮೇಲಿನ ಜಡ್ಡಿಗಳು ಆ ಪುಸ್ತಕದಲ್ಲಿ ಸೇರುವಂತೆ ನೋಡಿಕೊಳ್ಳಿ. ಯಾವ ಹಳ್ಳದ ತಲೆಯಲ್ಲಿ ಯಾವ ಮರವಿದೆ ಎಂಬುದು ನಿಮಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ, ಈ ಮಕ್ಕಳಿಗೂ ಗೊತ್ತಿಲ್ಲ. ನಮ್ಮಂಥವರು ಬೆಂಗಳೂರು ಸೇರಿದ ಮೇಲೆ ಕೇಳುವವರಿಲ್ಲದೆ ಆ ತಿಳಿವಳಿಕೆ ನಿಮ್ಮಲ್ಲೇ ಉಳಿದಿದೆ. ಒಂದು ಭಾನುವಾರ ಈ ಮಕ್ಕಳನ್ನು ಕರೆದುಕೊಂಡು ಕಾನಿನ ಅಂಚಿನವರೆಗೆ ಹೋಗಿಬನ್ನಿ. ಅವರಲ್ಲೊಬ್ಬರು ಎಂದಾದರೂ "ಇದು ಆ ಮರ ಅಲ್ಲ, ಬೇರೆ" ಎಂದು ಹೇಳಬಹುದು. ಆಗ ಅವರ ಮಾತನ್ನು ಬರೆದಿಡಲು ಶಾಲೆಯಲ್ಲಿ ಪುಸ್ತಕವಿರಲಿ.